ಏಳನೇ ಓಣಿಗೆ ಸಾಲುವಷ್ಟು ಉಸಿರು

ನಮ್ಮೂರಿನ ಏರು ಕಣ್ಣಿಗೆ ಕಾಣುವುದಿಲ್ಲ, ಎದೆಗೆ ಗೊತ್ತಾಗುತ್ತದೆ. ಊರೆಂದರೆ ಒಂದರ ಹಿಂದೆ ಒಂದು ಏಳು ಓಣಿ, ನಡುವೆ ಒಂದೇ ನೆಟ್ಟನೆಯ ದಾರಿ. ದಾರಿ ಚಪಾತಿ ಮಣೆಯಷ್ಟು ಸಪಾಟು. ಎಲ್ಲಿ ಗೋಲಿ ಇಟ್ಟರೂ ಅದು ಇಟ್ಟಲ್ಲೇ ಇರುತ್ತದೆ. ಆದರೆ ಒಂದು ಓಣಿ ಮುಗಿದು ಇನ್ನೊಂದಕ್ಕೆ ಕಾಲಿಟ್ಟ ಕೂಡಲೇ ಕಿವಿಯಲ್ಲಿ ಟಪ್ ಎನ್ನುತ್ತದೆ. ಮೂರನೇ ಓಣಿಯಲ್ಲಿ ಬಿಸ್ಕತ್ತಿನ ಪ್ಯಾಕೆಟ್ಟು ಉಬ್ಬುತ್ತದೆ. ಐದರಲ್ಲಿ ಚಹಾ ಕುದಿಯುತ್ತದೆ, ನಾಲಗೆ ಮಾತ್ರ ಸುಡುವುದಿಲ್ಲ. ಏಳರಲ್ಲಿ ತೊಗರಿಬೇಳೆ ಬೆಳಿಗ್ಗೆ ಒಲೆಗೇರಿಸಿದರೆ ಸಂಜೆಗೂ ಕಾಳುಕಾಳಾಗಿಯೇ ಮುಖ ನೋಡುತ್ತದೆ. ಕುಕ್ಕರಿಲ್ಲದ ಮನೆಗೆ ಅಲ್ಲಿ ಯಾರೂ ಮನೆ ಎನ್ನುವುದಿಲ್ಲ. ಒಂದನೇ ಓಣಿಯ ಪೊಲೀಸಪ್ಪ ಕಳ್ಳನನ್ನು ಅಟ್ಟಿಸಿಕೊಂಡು ಐದನೇ ಓಣಿಯವರೆಗೆ ಹೋದರೆ, ಅಲ್ಲಿ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. ಯಾರು ಮೊದಲು ಎದ್ದರೋ ಅವರದು ಗೆಲುವು. ಹೆಚ್ಚಾಗಿ ಕಳ್ಳನೇ ಏಳುತ್ತಾನೆ, ಪೊಲೀಸಪ್ಪನ ಹೊಟ್ಟೆಯೂ ಅಷ್ಟಿದೆ.

ನಾವು ಒಂದನೇ ಓಣಿಯವರು, ದಪ್ಪ ಗಾಳಿಯ ಜನ. ನಾನು ಇಂದ್ರವ್ವ. ಬೆಳಿಗ್ಗೆ ಖಾನಾವಳಿಗೆ ನೂರಿಪ್ಪತ್ತು ರೊಟ್ಟಿ ಬಡಿದು ಕೊಟ್ಟು, ಆಮೇಲೆ ಮನೆಮನೆಗೆ ಹೋಗಿ ಕೌದಿ ಹೊಲಿಯುತ್ತೇನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತ ಬರುವ ಕೆಲಸ. ಮೇಲಿನ ಓಣಿಗಳಲ್ಲಿ ಚಳಿ ಹೆಚ್ಚು, ಹೀಗಾಗಿ ಕೆಲಸಕ್ಕೆ ಬರವಿಲ್ಲ. ನಮ್ಮವರು ಹಿಟ್ಟಿನ ಗಿರಣಿಯಲ್ಲಿದ್ದಾರೆ. ಬೆಳಿಗ್ಗೆ ಕಪ್ಪಗೆ ಹೋದ ಮನುಷ್ಯ ಸಂಜೆ ಬೆಳ್ಳಗೆ ಬರುತ್ತಾರೆ, ಮಾತು ಕಡಿಮೆ. ಇರುವವನು ಒಬ್ಬನೇ ಮಗ, ಮೌನೇಶ. ಕುಕ್ಕರು ರಿಪೇರಿ ಮಾಡುತ್ತಾನೆ. ಗ್ಯಾಸ್ಕೆಟ್ಟು, ಸೀಟಿ, ಹಿಡಿಕೆ, ಸ್ಕ್ರೂಗಳ ಚೀಲ ಹೆಗಲಿಗೆ ಹಾಕಿಕೊಂಡು ದಿನಾ ಮೇಲಕ್ಕೆ ಹೋಗಿ ದಿನಾ ಇಳಿದು ಬರುತ್ತಾನೆ.

ಹೋದ ಚಳಿಗಾಲದಲ್ಲಿ ಅವನು ಏಳನೇ ಓಣಿಯ ಒಂದೇ ಮನೆಯ ಒಂದೇ ಕುಕ್ಕರಿಗೆ ತಿಂಗಳಲ್ಲಿ ನಾಲ್ಕು ಗ್ಯಾಸ್ಕೆಟ್ಟು ಹಾಕಿದ. ನಾಲ್ಕನೆಯ ಸಲ ಹಳೆಯ ಗ್ಯಾಸ್ಕೆಟ್ಟು ಅವನ ಚೀಲದಲ್ಲಿ ನನ್ನ ಕೈಗೆ ಸಿಕ್ಕಿತು. ಸವೆದು ಹರಿದದ್ದಲ್ಲ, ಚಾಕುವಿನಿಂದ ನೀಟಾಗಿ ಕೊಯ್ದದ್ದು.

‘ಯಾರ ಮನಿದಪ್ಪ ಇದು?’ ಎಂದೆ.

‘ಬಾಳವ್ವನ ಮನಿದು.’

‘ಬಾಳವ್ವ ಕೊಯ್ತಾಳೇನು?’

‘ಮೊಮ್ಮಗಳು,’ ಎಂದು ನೆಲ ನೋಡಿದ. ‘ಶಿವಲೀಲಾ ಅಂತ. ಅವ್ವಾ, ನೀ ಹೋಗಿ ಕೇಳ್ಬೇಕು.’

ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಿ, ‘ಏಳನೇ ಓಣಿಯೇನು? ಮೌನೇಶನ ಅವ್ವಾ, ನೀ ಸತ್ತು ಬರ್ತೀ,’ ಎಂದು ಮತ್ತೆ ತಲೆ ತಗ್ಗಿಸಿದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮಲ್ಲಿ ಹೆಣ್ಣು ಕೇಳುವುದು ಹುಡುಗನ ತಾಯಿಯ ಕೆಲಸ. ತನ್ನ ಮನೆಯಿಂದ ಹುಡುಗಿಯ ಮನೆಯವರೆಗೆ ತಟ್ಟೆ ಹಿಡಿದು ನಡೆಯಬೇಕು. ಎಲ್ಲೂ ಕೂರುವಂತಿಲ್ಲ, ಗೋಡೆಗೆ ಕೈ ಊರುವಂತಿಲ್ಲ, ದಾರಿಯಲ್ಲಿ ಮಾತಾಡಿಸಿದವರಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಆಮೇಲೆ ಆ ಮನೆಯ ಹೊಸ್ತಿಲ ಮುಂದೆ ನಿಂತು ಕೇಳುವ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಬೇಕು. ಮಾತೇನು ಸಣ್ಣದಲ್ಲ. ನಾನು ಯಾರ ಸೊಸೆ, ಯಾರ ಹೆಂಡತಿ, ಯಾರ ತಾಯಿ ಎಂಬಲ್ಲಿಂದ ಶುರುವಾಗಿ, ಅವರ ಒಲೆ, ಕೊಡ, ತೊಟ್ಟಿಲು, ಹಿತ್ತಿಲ ಎಮ್ಮೆ ಎಲ್ಲವನ್ನೂ ಹರಸಿ, ಕಡೆಗೆ ಹುಡುಗಿಯ ಹೆಸರಿಗೆ ಬರಬೇಕು. ಒಂದುಸಿರಿನಲ್ಲಿ ಏನು ಬಾಯಿಂದ ಬಂತೋ ಅದೇ ಕಟ್ಟು, ಎರಡೂ ಮನೆಯವರು ನಡೆಸಲೇಬೇಕು. ಉಸಿರು ಎಳೆದುಕೊಂಡ ಮೇಲೆ ಹೇಳಿದ್ದಕ್ಕೆ ಬೆಲೆಯಿಲ್ಲ. ಮೂರನೇ ಓಣಿಯ ಒಬ್ಬ ಹೆಂಗಸು ಬಾಳವ್ವನ ಹೊಸ್ತಿಲಲ್ಲಿ ಎಮ್ಮೆಯವರೆಗೆ ಬಂದು ನಿಂತುಬಿಟ್ಟಳು. ಹುಡುಗಿ ಸಿಗಲಿಲ್ಲ, ಆದರೆ ಆ ವರ್ಷ ಬಾಳವ್ವನ ಎಮ್ಮೆ ಹೊಳೆಯಂತೆ ಹಾಲು ಕೊಟ್ಟಿತಂತೆ.

ಇಷ್ಟು ಗೆದ್ದರೂ ಮುಗಿಯಲಿಲ್ಲ. ಹುಡುಗಿಯ ಮನೆಯ ಹಿರಿಯ ಹೆಂಗಸು ಹೊಸ್ತಿಲ ಮೇಲೆ ನಿಂತು ಉತ್ತರ ಕೊಡಬೇಕು. ಅದೂ ಒಂದೇ ಉಸಿರಿಗೆ. ಬಾಳವ್ವ ಇದುವರೆಗೆ ಐದು ಮಂದಿಗೆ ‘ಇಲ್ಲ’ ಎಂದಿದ್ದಳು. ಅವರಲ್ಲಿ ನಾಲ್ವರು ಅಲ್ಲೇ ಹತ್ತಿರದ ಆರು, ಏಳನೇ ಓಣಿಯವರು, ಮಾತು ಪೂರ್ತಿ ಹೇಳಿದವರು. ಕಲ್ಲೆದೆಯ ಮುದುಕಿ ಎಂದು ಊರೆಲ್ಲ ಹೆಸರಾಗಿತ್ತು. ಒಮ್ಮೆ ‘ಇಲ್ಲ’ ಅನ್ನಿಸಿಕೊಂಡ ತಾಯಿ ಆ ಹೊಸ್ತಿಲಿಗೆ ಇನ್ನೊಮ್ಮೆ ಹೋಗುವಂತಿಲ್ಲ. ಅಂದರೆ ನನಗಿದ್ದದ್ದು ಒಂದೇ ಸಲ.

ಮೊದಲು ನಾನು ಓಡುವ ಅಭ್ಯಾಸ ಮಾಡಿದೆ. ರೊಟ್ಟಿಯ ಕೆಲಸ ಮುಗಿಸಿ, ಸೀರೆ ಎತ್ತಿಕಟ್ಟಿ, ಗಿರಣಿಯ ಸುತ್ತ ದಿನಾ ಇಪ್ಪತ್ತು ಸುತ್ತು. ಹದಿನೈದು ದಿನಕ್ಕೆ ಕಾಲು ಕಂಬವಾದವು. ಆ ಕಾಲು ನಂಬಿ ಒಂದು ಮಧ್ಯಾಹ್ನ ಪರೀಕ್ಷೆಗೆಂದು ಮೇಲಕ್ಕೆ ಹೊರಟೆ. ನಾಲ್ಕನೇ ಓಣಿಯವರೆಗೆ ಪರವಾಗಿಲ್ಲ. ಐದರಲ್ಲಿ ಎದೆ ಡೊಳ್ಳು ಬಾರಿಸತೊಡಗಿತು. ಆರರಲ್ಲಿ ತಲೆಗೆ ಯಾರೋ ಹಗ್ಗ ಬಿಗಿದು ಕೋಲು ಹಾಕಿ ತಿರುವಿದಂತಾಯಿತು. ಕಾಲು ಸಿದ್ಧವಿದ್ದವು, ನಡೆಸಲು ಒಳಗೆ ಏನೂ ಉಳಿದಿರಲಿಲ್ಲ. ಒಂದು ಹೆಜ್ಜೆಗೆ ಎರಡು ಉಸಿರು, ಪ್ರತಿ ಉಸಿರಿಗೂ ಮುಂದಿನ ಹೆಜ್ಜೆಯನ್ನು ಮುಂದೂಡುವ ಆಸೆ. ಏಳನೇ ಓಣಿಯ ಮೊದಲ ಮನೆಯ ಮುಂದೆ ಬೆಳಗಿನ ರೊಟ್ಟಿಯನ್ನೆಲ್ಲ ಕಕ್ಕಿ, ಆ ಮನೆಯವರಿಂದಲೇ ನೀರು ಇಸಿದುಕೊಂಡು, ನೆಲ ತೊಳೆದು ವಾಪಸು ಬಂದೆ.

ದಾರಿಯಲ್ಲಿ ನಾಲ್ಕನೇ ಓಣಿಯ ಕಾಶೀಬಾಯಿ ನನ್ನ ನೀಲಿ ತುಟಿ ನೋಡಿ ಹಿಡಿದು ಕೂರಿಸಿದಳು. ಕಾಶೀಬಾಯಿ ಗಂಡನನ್ನು ಕಳೆದುಕೊಂಡು ಇಪ್ಪತ್ತು ವರ್ಷವಾದ ಹೆಂಗಸು. ಊರಿನ ಯಾವ ಗುಟ್ಟೂ ಆಕೆಯ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳದೆ ಮುಂದೆ ಹೋಗುವುದಿಲ್ಲ.

‘ಓಡಿದ್ರ ಕಾಲು ಗಟ್ಟಿ ಆಗ್ತಾವ ಇಂದ್ರವ್ವಾ. ರಕ್ತ ಗಟ್ಟಿ ಆಗ್ಬೇಕಂದ್ರ ಮಲಗ್ಬೇಕು,’ ಎಂದಳು.

‘ಮಲಗೂದು ನನಗೇನು ಬರೂದಿಲ್ಲೇನು?’

‘ನಿಮ್ಮ ಓಣ್ಯಾಗ ಅಲ್ಲ, ಮ್ಯಾಲಿನ ಓಣ್ಯಾಗ. ಒಂದೊಂದ ಓಣಿ ಏರಕೋತ, ಒಂದೊಂದ ಕಡೆ ನಾಕು ನಾಕು ದಿನ.’

‘ಅದು ಕದ್ದ ಉಸಿರು ಆಗ್ತೈತಲ್ಲ!’

‘ಕದಿಯೂದು ಉಸಿರು ತಾನ? ಮಂದಿ ಎಮ್ಮಿ ಕದೀತಾರ,’ ಎಂದು ಕಾಶೀಬಾಯಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಹೆಣ್ಣು ಕೇಳಬೇಕೆಂದಿರುವ ತಾಯಿ ತನ್ನ ಓಣಿಗಿಂತ ಮೇಲೆ ಮಲಗಕೂಡದು ಎಂಬುದು ನಮ್ಮ ಕಟ್ಟುಪಾಡು. ಸಿಕ್ಕಿಬಿದ್ದರೆ ಕೇಳುವ ಹಕ್ಕೇ ಹೋಗುತ್ತದೆ. ಆದರೆ ನಾನು ಹೆಣ್ಣು ಕೇಳಬೇಕೆಂದಿದ್ದೇನೆ ಎಂಬುದು ಕಾಶೀಬಾಯಿ ಬಿಟ್ಟರೆ ಹೊರಗಿನ ಯಾರಿಗೂ ಗೊತ್ತಿರಲಿಲ್ಲ, ಕೌದಿಯ ಸೂಜಿಗೆ ಓಣಿಯ ಭೇದವೂ ಇಲ್ಲ. ಅಂದಿನಿಂದ ನನ್ನ ಕೈ ನಿಧಾನವಾಯಿತು. ಒಂದು ದಿನದ ಕೆಲಸ ನಾಲ್ಕು ದಿನಕ್ಕೆ ಎಳೆಯಿತು. ಮೂರನೇ ಓಣಿಯಲ್ಲಿ ದಾರ ಮುಗಿಯಿತು, ನಾಲ್ಕರಲ್ಲಿ ಕಾಲು ಉಳುಕಿತು, ಐದರಲ್ಲಿ ಕಣ್ಣಿನ ಚಾಳೀಸು ಕಳೆಯಿತು, ಆರರಲ್ಲಿ ಚಾಳೀಸು ಸಿಕ್ಕಿ ಸೂಜಿ ಕಳೆಯಿತು. ಪ್ರತಿ ಸಲವೂ ಮನೆಯವರೇ ‘ಇವತ್ತ ಇಲ್ಲೇ ಮಲಗ್ರಿ, ಏನಾತು’ ಎನ್ನುವವರೆಗೆ ನಾನು ಮುಖ ಸಣ್ಣಗೆ ಮಾಡಿಕೊಂಡು ಕೂರುತ್ತಿದ್ದೆ. ಬೆಳಗಾಗುವ ಮುಂಚೆ ಇಳಿದು ಹೋಗಿ ರೊಟ್ಟಿ ಬಡಿದು, ಮತ್ತೆ ಏರಿ ಬರುತ್ತಿದ್ದೆ. ಹೊಸ ಓಣಿಯ ಮೊದಲೆರಡು ದಿನ ಊಟ ಸೇರುತ್ತಿರಲಿಲ್ಲ, ಬಾಯಿ ಒಣಗುತ್ತಿತ್ತು, ಕುಡಿದ ನೀರು ನಿಲ್ಲದೆ ಹಿತ್ತಿಲಿಗೆ ಓಡಿಸುತ್ತಿತ್ತು. ನಿದ್ದೆಯಲ್ಲಿ ನನ್ನ ಉಸಿರು ಒಮ್ಮೊಮ್ಮೆ ನಿಂತೇ ಹೋಗಿ ಆಮೇಲೆ ಗಡಬಡಿಸಿ ಬರುತ್ತದೆಂದು ಐದನೇ ಓಣಿಯ ಮನೆಯವರು ಗಾಬರಿಯಾಗಿ ನನ್ನನ್ನು ಮಗ್ಗುಲು ಹೊರಳಿಸುತ್ತಿದ್ದರಂತೆ. ಮೂರನೆಯ ದಿನಕ್ಕೆ ತಲೆ ಹಗುರ, ನಾಲ್ಕನೆಯ ದಿನಕ್ಕೆ ಹಸಿವು. ಹಸಿವಾಯಿತೆಂದರೆ ಮುಂದಿನ ಓಣಿ.

ಇದರ ಮಜಾ ಗೊತ್ತಾದದ್ದು ಮಾತ್ರ ಕೆಳಗೆ. ಆರನೇ ಓಣಿಯ ರಕ್ತ ಇಟ್ಟುಕೊಂಡು ಒಂದನೇ ಓಣಿಯ ಗಾಳಿಗೆ ಬಂದರೆ ಮೈಯಲ್ಲಿ ಯಾರೋ ಹೊಸದಾಗಿ ಕೀಲಿ ಕೊಟ್ಟಂತೆ. ಐವತ್ತೆರಡರ ನಾನು ನೂರಿಪ್ಪತ್ತು ರೊಟ್ಟಿಯ ಹೊತ್ತಿನಲ್ಲಿ ನೂರಾ ಎಂಬತ್ತು ಬಡಿದೆ. ಬಾವಿಯಿಂದ ಎರಡು ಕೊಡ ತಲೆಯ ಮೇಲೆ, ಒಂದು ಸೊಂಟದಲ್ಲಿ ಹೊತ್ತು ಹಾಡಿಕೊಂಡು ಬಂದೆ. ಒಂದು ದಿನ ಪಕ್ಕದ ಮನೆಯ ಹೋತ ನನ್ನ ಹೊಲಿಗೆಗಿಟ್ಟ ಸೀರೆಯ ಚೂರು ಕಚ್ಚಿಕೊಂಡು ಓಡಿತು. ನಾನೂ ಓಡಿದೆ. ಗಿರಣಿ ದಾಟಿ, ಬಾವಿ ದಾಟಿ, ಮತ್ತೆ ಗಿರಣಿಗೆ ಬಂದು, ಹೋತವೇ ಸುಸ್ತಾಗಿ ನಿಂತು ನನ್ನ ಮುಖ ನೋಡಿತು. ಹೋತದ ಕೊಂಬು ಹಿಡಿದು ನಿಂತ ನನಗೆ ಏದುಸಿರೂ ಇರಲಿಲ್ಲ. ಗಿರಣಿಗೆ ಬಂದ ಹೆಂಗಸರೆಲ್ಲ ಬೀಸಿಸುವುದು ಬಿಟ್ಟು ನೋಡಿದರು.

‘ನಿಮ್ಮಾಕಿಗೆ ಏನು ತಿನ್ನಸ್ತೀರಿ?’ ಎಂದು ಒಬ್ಬಳು ನಮ್ಮವರನ್ನು ಕೇಳಿದಳು.

‘ಆಕಿ ಮನ್ಯಾಗ ಇದ್ರ ಅಲ್ಲೇನು ತಿನ್ನಸೂದು,’ ಎಂದು ನಮ್ಮವರು ಹಿಟ್ಟು ಕೊಡವಿದರು.

ಉಳಿದದ್ದು ಏಳನೇ ಓಣಿ. ಯಾವ ಮನೆಗೆ ಹೋಗುವುದು ಎಂದು ಯೋಚಿಸುತ್ತಿರುವಾಗಲೇ ಬಾಳವ್ವನೇ ಹೇಳಿಕಳಿಸಿದಳು. ಹನ್ನೊಂದು ಹಳೆಯ ಸೀರೆಗಳ ದೊಡ್ಡ ಕೌದಿ, ಅಲ್ಲೇ ಉಳಿದು ಮುಗಿಸಬೇಕು. ನಾನು ಮೌನೇಶನ ತಾಯಿ ಎಂದು ಆಕೆಗೆ ಗೊತ್ತಿರಲಿಲ್ಲ. ಹುಲಿಯೇ ಹಾಸಿಗೆ ಹಾಸಿ ಕರೆದ ಮೇಲೆ ನಾನೇಕೆ ಬಿಡಲಿ?

ಬಾಳವ್ವ ಎಂಬತ್ತರ ಆಸುಪಾಸಿನ ಹೆಂಗಸು. ನೆಟ್ಟಗೆ ಕೂರುತ್ತಿದ್ದಳು, ಸಣ್ಣಗೆ ಮಾತಾಡುತ್ತಿದ್ದಳು. ‘ಹೊಲಿ.’ ‘ಉಣ್ಣು.’ ‘ಸಾಕು.’ ಒಂದು ಸಲಕ್ಕೆ ಒಂದೇ ಮಾತು. ಎದುರು ಮನೆಯಲ್ಲಿ ಆಕೆಯ ನೆಗೆಣ್ಣಿ ಗಂಗವ್ವ, ಅಂದರೆ ಆಕೆಯ ಮೈದುನನ ಹೆಂಡತಿ. ಇಬ್ಬರಿಗೂ ಮೂವತ್ತು ವರ್ಷದಿಂದ ಮಾತಿಲ್ಲ. ಗಂಗವ್ವ ದಿನವಿಡೀ ತನ್ನ ಬಾಗಿಲಲ್ಲಿ ಕೂತು ಈ ಬಾಗಿಲನ್ನೇ ನೋಡುತ್ತಿದ್ದಳು. ಶಿವಲೀಲಾ ಇಪ್ಪತ್ತಾರರ ಹುಡುಗಿ, ಕಣ್ಣಿನಲ್ಲೇ ಅರ್ಧ ಮಾತು. ನನ್ನನ್ನು ಕಂಡ ಮೊದಲ ದಿನವೇ ಚಹಾ ಕೊಡುವಾಗ ಕಿವಿಯ ಹತ್ತಿರ ಬಂದು, ‘ಅತ್ತಿ, ಗ್ಯಾಸ್ಕೆಟ್ ಇನ್ನೊಂದು ಕೊಯ್ಲೇನು?’ ಎಂದಳು. ನಾನು ಸೂಜಿ ಚುಚ್ಚಿಕೊಂಡೆ.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಪಡಸಾಲೆಯಲ್ಲಿ ನನಗೆ ಎಚ್ಚರವಾಯಿತು. ಬಾಗಿಲು ಅರ್ಧ ತೆರೆದಿತ್ತು. ಬಾಳವ್ವ ಹೊಸ್ತಿಲ ಮೇಲೆ ನಿಂತು, ಸೆರಗು ಸರಿಮಾಡಿಕೊಂಡು, ಎದೆ ತುಂಬ ಗಾಳಿ ಎಳೆದುಕೊಂಡು, ಬೀದಿಯ ಕಡೆಗೆ ಪಿಸುಗುಡುತ್ತಿದ್ದಳು. ‘ಈ ಮನಿ ಹಿರಿಯಾಕಿ ಬಾಳವ್ವ ನಾನು, ಈ ಹೊಸ್ತಲ ಮ್ಯಾಲ ನಿಂತು, ನಮ್ಮ ಶಿವಲೀಲಾನ್ನ, ಆಕಿ ಅರಬಿ, ಆಕಿ ಪಾತ್ರಿ...’ ಅಷ್ಟಕ್ಕೆ ಕೆಮ್ಮು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸುಧಾರಿಸಿಕೊಂಡು ಮತ್ತೆ ಶುರು ಮಾಡಿದಳು. ಮತ್ತೆ ಪಾತ್ರೆಯ ಹತ್ತಿರ ಕೆಮ್ಮು. ಅದು ‘ಕೊಟ್ಟೆ’ ಎನ್ನುವವರ ಮಾತು. ಹುಡುಗಿಯನ್ನು ಆಕೆಯ ಬಟ್ಟೆ, ಪಾತ್ರೆ, ಕುಕ್ಕರು, ಸಿಟ್ಟು, ಸೆಡವು, ನಿದ್ದೆ ಸಮೇತ ಕೊಟ್ಟೆ ಎಂದು ಮೂರು ಸಲ ಹೇಳಬೇಕು. ‘ಇಲ್ಲ’ ಎನ್ನಲು ಮಾತ್ರ ಎರಡೇ ಅಕ್ಷರ.

ಐದು ಮಂದಿಗೆ ಈ ಮುದುಕಿ ‘ಇಲ್ಲ’ ಎಂದದ್ದು ಮನಸ್ಸಿಲ್ಲದೆ ಅಲ್ಲ, ಉಸಿರಿಲ್ಲದೆ! ನಾನು ಇಪ್ಪತ್ತು ದಿನ ಊರೆಲ್ಲ ಮಲಗಿ ಎಷ್ಟು ಉಸಿರು ಕೂಡಿಸಿದರೇನು, ಆಕೆ ಪಾತ್ರೆ ದಾಟದಿದ್ದರೆ ನನ್ನ ಮಗನಿಗೂ ಅದೇ ಎರಡಕ್ಷರ.

ಹಾಸಿಗೆ ಸರಕ್ಕೆಂದಿತು. ಬಾಳವ್ವ ತಿರುಗಿದಳು.

‘ಕೇಳಿದಿ?’

‘ಕೇಳ್ದೆ, ಆಯಿ.’

‘ಯಾರಿಗರ ಹೇಳಿದಿ...’ ಅಲ್ಲಿಗೆ ಉಸಿರು ಮುಗಿಯಿತು. ಕೈಸನ್ನೆಯಲ್ಲಿ ನನ್ನ ಕುತ್ತಿಗೆ ಕೊಯ್ದು ತೋರಿಸಿದಳು.

‘ನಾ ಯಾಕ ಹೇಳ್ಲಿ? ಆದ್ರ ಬ್ಯಾರೆ ಯಾರನ್ನರ ಉತ್ತರ ಕೊಡಾಕ ನಿಲ್ಲಸಬಹುದಿತ್ತಲ್ಲ?’

ಬಾಳವ್ವ ಎದುರು ಮನೆಯ ಕಡೆಗೆ ಗದ್ದ ಎತ್ತಿದಳು. ‘ನನ್ನ ನಂತರ ಆಕಿ. ನನಗ ಆಗೂದಿಲ್ಲಂದ್ರ... ಹಿರೇತನ ಆಕಿಗೆ. ಅದಕ್ಕಿಂತ ಹುಡುಗಿ... ಇಲ್ಲೇ ಮುದುಕಿ ಆಗ್ಲಿ.’

ಒಳಗಿನ ಕೋಣೆಯ ಪರದೆ ಅಲ್ಲಾಡಿತು. ಮುದುಕಿಯಾಗಬೇಕಾದ ಹುಡುಗಿ ಅಲ್ಲಿ ನಿಂತು ಕೇಳುತ್ತಿದ್ದಳು ಎಂದು ನನಗೆ ಗೊತ್ತಾಯಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ‘ಆಯಿ, ನಾ ಮೌನೇಶನ ಅವ್ವ,’ ಎಂದೆ.

ಬಾಳವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು. ಉಗುರು ಒತ್ತಿ ಬಣ್ಣ ನೋಡಿದಳು. ಆಕೆಯ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಇದ್ದದ್ದು ಮೂರು ಹಲ್ಲು, ಮೂರೂ ನಕ್ಕವು.

‘ಒಂದನೇ ಓಣಿಯಾಕಿ... ಏಳನೇ ಓಣಿ ರಕ್ತ. ಕಳ್ಳಿ!’

‘ಹೌದ್ರಿ.’

‘ಹೇಳ್ಲೇನು ಊರಿಗೆ?’

‘ನಾನೂ ಹೇಳ್ಲೇನ್ರಿ?’

ಬಾಳವ್ವ ಬಂದು ನನ್ನ ಪಕ್ಕದಲ್ಲಿ ಕೂತಳು. ಆಮೇಲೆ ಆಕೆ ಕೌದಿಯ ಅಂಚು ಎಳೆದು ತನ್ನ ಕಾಲ ಮೇಲೆ ಹೊದ್ದುಕೊಂಡು, ‘ದಾರಿ ಹುಡುಕು,’ ಎಂದಳು.

ದಾರಿ ಹುಡುಕಿದವಳು ನಾನಲ್ಲ. ಶಿವಲೀಲಾ ಪರದೆ ಸರಿಸಿ ಹೊರಗೆ ಬಂದು, ನೇರವಾಗಿ ಬಾಗಿಲಿಗೆ ಹೋಗಿ, ಕಾಲಿನಿಂದ ಹೊಸ್ತಿಲನ್ನು ಒದ್ದು ನೋಡಿದಳು. ತೇಗದ ಒಂದು ದಿಮ್ಮಿ, ಎರಡು ಬದಿಗೆ ಬೆಣೆ. ‘ಹೊಸ್ತಲ ಮ್ಯಾಲ ನಿಂತು ಹೇಳ್ಬೇಕು ಅಂತೈತಿ,’ ಎಂದಳು. ‘ಹೊಸ್ತಲು ಯಾವ ಓಣ್ಯಾಗ ಇರ್ಬೇಕು ಅಂತ ಎಲ್ಲೈತಿ?’

ನನಗೆ ಆ ಕ್ಷಣಕ್ಕೆ ಈ ಹುಡುಗಿ ಸೊಸೆಯಾದರೆ ನಮ್ಮ ಮನೆಯ ಗತಿಯೇನು ಎಂದು ಹೆದರಿಕೆಯಾಯಿತು. ಆದರೆ ಕೇಳದೆ ಬಿಡುವಂಥ ಹುಡುಗಿಯೂ ಅಲ್ಲ ಅದು.

ಕೇಳುವ ದಿನ ಗೊತ್ತು ಮಾಡಿ ಹೇಳಿಕಳಿಸಿದೆ. ಆ ದಿನ ಬೆಳಿಗ್ಗೆ ತಟ್ಟೆಯಲ್ಲಿ ಕೊಬ್ಬರಿ, ಕುಪ್ಪಸದ ಖಣ, ಹೂವು, ಬೆಲ್ಲ ಇಟ್ಟುಕೊಂಡು ಹೊರಟೆ. ಆರು ಓಣಿಯ ಕಟ್ಟೆಗಳೆಲ್ಲ ಭರ್ತಿ. ಹೆಣ್ಣು ಕೇಳಲು ಹೋಗುವವಳ ಉಸಿರು ಹಾಳುಮಾಡುವುದು ನಮ್ಮೂರಿನ ಆಟ, ಅದಕ್ಕೆಂದೇ ಉದ್ದುದ್ದ ಉತ್ತರ ಬೇಡುವ ಪ್ರಶ್ನೆಗಳನ್ನು ವಾರದಿಂದ ಯೋಚಿಸಿಟ್ಟಿರುತ್ತಾರೆ.

‘ಇಂದ್ರವ್ವಾ, ಕೌದಿ ಹೆಂಗ ಹೊಲೀತಾರ, ಮೊದಲಿಂದ ಹೇಳು ನೋಡೋಣ!’ ಎಂದ ಮೂರನೇ ಓಣಿಯ ಒಬ್ಬ.

‘ಸೂಜಿಲೆ,’ ಎಂದು ಮುಂದೆ ನಡೆದೆ.

ಆರನೇ ಓಣಿಯಲ್ಲಿ ಒಬ್ಬಳು ನನ್ನ ತವರಿನ ಹದಿನಾಲ್ಕು ಮಂದಿಯ ಆರೋಗ್ಯ ವಿಚಾರಿಸಿದಳು. ಹದಿನಾಲ್ಕಕ್ಕೂ ಹೆಸರು ಹಿಡಿದು ಉತ್ತರ ಕೊಟ್ಟೆ. ಹೆಜ್ಜೆ ಮಾತ್ರ ಅವಸರ ಮಾಡಲಿಲ್ಲ. ಮಾತಾಡಿಕೊಂಡು ನಡೆಯಲಾಗುವಷ್ಟೇ ನಡೆ, ಮಾತು ಕಡಿಯತೊಡಗಿದರೆ ಕಾಲಿಗೆ ಲಗಾಮು ಹಾಕು ಎಂದು ಕಾಶೀಬಾಯಿ ಹೇಳಿಕೊಟ್ಟಿದ್ದಳು. ಎದೆ ಬಡಿಯುತ್ತಿತ್ತು, ಆದರೆ ಡೊಳ್ಳಿನಂತಲ್ಲ, ರೊಟ್ಟಿ ಬಡಿದಂತೆ, ಒಂದೇ ಲಯದಲ್ಲಿ.

ಏಳನೇ ಓಣಿಗೆ ಬಂದಾಗ ಬಾಳವ್ವನ ಮನೆಯ ಮುಂದೆ ಜನವೋ ಜನ. ಬಾಳವ್ವ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಆಕೆಯ ಹಿಂದೆ ಬಾಗಿಲಿನ ಬುಡದಲ್ಲಿ ಉದ್ದಕ್ಕೆ ಒಂದು ಗೇಣು ಆಳದ ಹಳ್ಳ. ಕೋಳಿಯೊಂದು ಅದರಲ್ಲಿ ಕೂತು ಮಣ್ಣು ಕೆದರುತ್ತಿತ್ತು.

‘ಹೊಸ್ತಲು ಎಲ್ಲಿ?’ ಎಂದು ಕೇಳಿದೆ, ಏನೂ ಗೊತ್ತಿಲ್ಲದವಳಂತೆ.

‘ರಿಪೇರಿಗೆ,’ ಎಂದಳು ಬಾಳವ್ವ. ‘ಗೆದ್ದಲು.’

ಶಿವಲೀಲಾ ಮುಂದೆ ಬಂದು ಉಳಿದದ್ದನ್ನು ಹೇಳಿದಳು. ನಿನ್ನೆ ಹೊಸ್ತಿಲಲ್ಲಿ ಗೆದ್ದಲು ಕಂಡಿತು, ಕುಕ್ಕರಿನವನ ಕೈಯಲ್ಲಿ ಬಾಡಿಗೆ ತಳ್ಳುಗಾಡಿಯ ಮೇಲೆ ಒಂದನೇ ಓಣಿಯ ಬಡಿಗೇರನ ಹತ್ತಿರ ಕಳಿಸಿದೆವು, ಏಳನೇ ಓಣಿಯಲ್ಲಿ ಬಡಿಗೇರ ಯಾರಿದ್ದಾರೆ?

ಎದುರು ಬಾಗಿಲಿನಿಂದ ಗಂಗವ್ವ ಎದ್ದು ಬಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಅಂಗಳಕ್ಕೆ ಕಾಲಿಟ್ಟಿದ್ದಳು. ‘ಈ ಓಣ್ಯಾಗ ಗೆದ್ದಲಾ? ಇಷ್ಟು ಮ್ಯಾಲ ಗೆದ್ದಲು ಬದುಕ್ತಾವೇನು? ಎಲ್ಲಿಂದ ಬಂದ್ವು?’

‘ನೀ ಬಂದ್ಯಲ್ಲ... ಹಂಗ,’ ಎಂದಳು ಬಾಳವ್ವ.

ಜನ ನಕ್ಕರು. ಗಂಗವ್ವ ಬಿಡಲಿಲ್ಲ. ‘ಹೊಸ್ತಲಿಲ್ಲಂದ್ರ ಕೇಳೂದೂ ಇಲ್ಲ. ಈಕಿ ವಾಪಸ್ ಹ್ವಾದ್ರ ಈಕಿದು ಮುಗೀತು. ಒಂದ ಸಲ ಬಂದಾಳ, ಒಂದ ಸಲ ಹೋಗ್ಲಿ.’

ಇದನ್ನು ನಾವು ಮೂವರೂ ಯೋಚಿಸಿರಲಿಲ್ಲ. ಬರಿಗೈಯಲ್ಲಿ ತಿರುಗಿದರೆ ಅದನ್ನೇ ‘ಇಲ್ಲ’ ಎಂದು ಲೆಕ್ಕ ಹಿಡಿಯುವವರು ಆ ಓಣಿಯಲ್ಲಿ ಬೇಕಾದಷ್ಟು ಜನರಿದ್ದರು. ಎಲ್ಲರೂ ಬಾಳವ್ವನ ಬಾಯಿ ನೋಡಿದರು. ಆಕೆಗೆ ಉದ್ದದ ಮಾತಾಡಲು ಉಸಿರಿಲ್ಲ ಎಂಬುದು ಗೊತ್ತಿದ್ದವರು ನಾನು, ಶಿವಲೀಲಾ ಇಬ್ಬರೇ.

ಬಾಳವ್ವ ಎದ್ದು ನಿಂತಳು. ‘ಹೊಸ್ತಲು ಇದ್ದಲ್ಲಿ... ಹಿರಿಯಾಕಿ. ನಡೀರಿ!’ ಎಂದು ಮತ್ತೆ ಕುರ್ಚಿಯಲ್ಲಿ ಕೂತಳು. ನಾಲ್ಕು ಜನ ಕುರ್ಚಿಯನ್ನೇ ಎತ್ತಿಕೊಂಡರು. ತಟ್ಟೆಯನ್ನು ಕೆಳಗಿಡದೆ ನಾನು ಹಿಂದೆ ಹೊರಟೆ, ನನ್ನ ಹಿಂದೆ ಏಳನೇ ಓಣಿ ಇಡಿಯಾಗಿ ಹೊರಟಿತು. ಜಗಳ ಎಲ್ಲಿ ತಪ್ಪೀತೋ ಎಂದು ಗಂಗವ್ವ ಎಲ್ಲರಿಗಿಂತ ಮುಂದೆ.

ಕೆಳಗಿಳಿಯುವ ಆ ದಾರಿಯನ್ನು ನಾನು ಮರೆಯಲಾರೆ. ಆರನೇ ಓಣಿಯಲ್ಲಿ ಬಾಳವ್ವನ ಕಿವಿ ಟಪ್ ಎಂದಿತು, ಆಕೆ ಬೆಚ್ಚಿ ಕುರ್ಚಿಯ ಕೈ ಹಿಡಿದಳು. ಐದರಲ್ಲಿ ತುಟಿಗೆ ಕೆಂಪು ಬಂತು. ನಾಲ್ಕರಲ್ಲಿ ಕಾಶೀಬಾಯಿಯ ಕಟ್ಟೆಯ ಮುಂದೆ ಹೋಗುವಾಗ, ‘ಏ ಕಾಶಿ, ಇನ್ನೂ ಬದಕೀ ಏನು ನೀನು?’ ಎಂದು ತಡವರಿಸದೆ ಕೇಳಿದಳು. ಕೇಳಿ ತಾನೇ ಬೆರಗಾಗಿ ಬಾಯಿ ಮುಟ್ಟಿ ನೋಡಿಕೊಂಡಳು. ಮೂರರಲ್ಲಿ ಕುರ್ಚಿ ಇಳಿಸಿ ಎಂದಳು. ಎರಡರಲ್ಲಿ ಕುರ್ಚಿ ಹೊತ್ತವರೇ ಆಕೆಯ ಹಿಂದೆ ಬಿದ್ದರು. ಎಂಬತ್ತು ವರ್ಷ ತೆಳ್ಳನೆಯ ಗಾಳಿಯಲ್ಲಿ ಕುದ್ದ ರಕ್ತ ದಪ್ಪ ಗಾಳಿ ಕಂಡಿತ್ತು. ಒಂದನೇ ಓಣಿಗೆ ಬರುವ ಹೊತ್ತಿಗೆ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಬೀಸಿ ನಡೆಯುತ್ತ, ಮೂವತ್ತು ವರ್ಷದ ಬಾಕಿ ಮಾತನ್ನೆಲ್ಲ ಗಂಗವ್ವನ ಬೆನ್ನಿಗೆ ಕಟ್ಟುತ್ತಿದ್ದಳು. ಗಂಗವ್ವನೂ ಕಡಿಮೆಯೇನಲ್ಲ, ಆಕೆಗೂ ಅದೇ ಓಣಿಯ ರಕ್ತ. ಅಂಥ ಜಗಳ ನಮ್ಮ ಓಣಿ ಕೇಳಿರಲೇ ಇಲ್ಲ. ಗಿರಣಿ ಬಂದ್ ಮಾಡಿ ಜನ ಹೊರಗೆ ಬಂದರು.

ಬಡಿಗೇರನ ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಹೊಸ್ತಿಲು ಇಟ್ಟಿದ್ದರು. ಪಕ್ಕದಲ್ಲಿ ಮೌನೇಶ ತಳ್ಳುಗಾಡಿಗೆ ಒರಗಿ ಬೆವರುತ್ತಿದ್ದ. ಬಾಳವ್ವ ಹಾರಿ ಹತ್ತಿ ನಿಂತಳು.

ನಾನು ಗಾಳಿ ಎಳೆದುಕೊಂಡು ಶುರು ಮಾಡಿದೆ. ‘ಒಂದನೇ ಓಣಿ ಕಲ್ಲಪ್ಪನ ಸೊಸಿ, ಬಸಲಿಂಗನ ಹೇಣ್ತಿ, ಮೌನೇಶನ ಅವ್ವ ಇಂದ್ರವ್ವ ನಾನು, ನೆಲಕ್ಕ ಕುಂಡ್ರದ, ಗ್ವಾಡಿಗೆ ಕೈ ಊರದ, ಆರು ಓಣಿ ದಾಟಿ ನಿಮ್ಮ ಹೊಸ್ತಲಿಗೆ ಬಂದು, ನಿಮ್ಮ ಒಲಿ ಉರೀಲಿ, ನಿಮ್ಮ ಕೊಡ ತುಂಬಲಿ, ನಿಮ್ಮ ತೊಟ್ಟಲಾ ತೂಗಲಿ, ನಿಮ್ಮ ಎಮ್ಮಿ ಹಿಂಡಲಿ ಅಂತ ಹರಸಿ, ನಿಮ್ಮ ಶಿವಲೀಲಾನ್ನ ನನ್ನ ಮಗಗ ಕೇಳ್ತೀನಿ!’

ಮುಗಿಯಿತು. ನನ್ನೊಳಗೆ ಇನ್ನೂ ಅರ್ಧ ಉಸಿರು ಉಳಿದಿತ್ತು. ಇಪ್ಪತ್ತು ದಿನ ಕದ್ದ ಉಸಿರು, ಕೇಳಿದ್ದು ಮಾತ್ರ ಯಾರಿಗೂ ಸಾಲುವ ಒಂದನೇ ಓಣಿಯ ಗಾಳಿಯಲ್ಲಿ. ಉಳಿದ ಅರ್ಧವನ್ನು ಸುಮ್ಮನೆ ಹೊರಗೆ ಬಿಟ್ಟು ಬಾಯಿ ಮುಚ್ಚಿಕೊಂಡೆ. ನಾನು ಮಾಡಿದ ತಪ್ಪು ಅದೇ, ಅದರಲ್ಲಿ ನನ್ನದೂ ನಾಲ್ಕು ಮಾತು ಕಟ್ಟಿಬಿಡಬೇಕಿತ್ತು.

ಬಾಳವ್ವ ಉಸಿರೆಳೆದುಕೊಂಡಳು. ಎಳೆದುಕೊಂಡೇ ಎಳೆದುಕೊಂಡಳು. ಬಡಿಗೇರನ ಅಂಗಳದ ಗಾಳಿಯೆಲ್ಲ ಒಳಗೆ ಹೋಯಿತೇನೋ ಎನ್ನಿಸಿತು.

‘ಈ ಮನಿ ಹಿರಿಯಾಕಿ ಬಾಳವ್ವ ನಾನು, ಈ ಹೊಸ್ತಲ ಮ್ಯಾಲ ನಿಂತು, ನಮ್ಮ ಶಿವಲೀಲಾನ್ನ, ಆಕಿ ಅರಬಿ, ಆಕಿ ಪಾತ್ರಿ, ಆಕಿ ಕುಕ್ಕರ, ಆಕಿ ಸಿಟ್ಟು, ಆಕಿ ಸೆಡವು, ಆಕಿ ನಿದ್ದಿ ಸಮೇತ ನಿಮ್ಮ ಮಗಗ ಕೊಟ್ಟೆ, ಕೊಟ್ಟೆ, ಕೊಟ್ಟೆ,’

ಶಿವಲೀಲಾ ನನ್ನ ತೋಳು ಹಿಡಿದಳು. ಮೌನೇಶ ತಳ್ಳುಗಾಡಿಯ ಮೇಲೆಯೇ ಕೂತುಬಿಟ್ಟ. ನಮ್ಮ ಓಣಿಯವರು ಕೂಗಲು ಬಾಯಿ ತೆರೆದರು, ತೆರೆದ ಬಾಯಿ ಹಾಗೇ ನಿಂತಿತು. ಬಾಳವ್ವ ನಿಲ್ಲಿಸಿರಲಿಲ್ಲ.

‘ಮತ್ತ ಹುಡುಗಿ ಜೋಡಿ ನಾನೂ ಬರ್ತೀನಿ, ನಿಮ್ಮ ಪಡಸಾಲ್ಯಾಗ ಗಾಳಿ ಬರೂ ಕಿಟಕಿ ಬಾಜೂಕ ನನ್ನ ಹಾಸಗಿ, ಮ್ಯಾಲಿನ ಹಿರೇತನಾನೂ ನಂದ, ಗಂಗವ್ವಗ ಅದು ಸಿಗೂದಿಲ್ಲ, ಹೊಸ್ತಲು ಇಲ್ಲೇ ಇರತೈತಿ,’

‘ಏ, ಏ!’ ಎಂದಳು ಗಂಗವ್ವ. ಆದರೆ ಆಕೆಗೂ ಗೊತ್ತು, ಒಂದುಸಿರಿನಲ್ಲಿ ಬಂದದ್ದೆಲ್ಲ ಕಟ್ಟು.

‘ಹೊದಿಯಾಕ ಹಗಲಿಗೊಂದು ರಾತ್ರಿಗೊಂದು ಕೌದಿ, ಎರಡನೂ ಇಂದ್ರವ್ವನ ಕೈಯಿಂದನ, ಒಂದ ದಿನದ ಕೆಲಸ ನಾಕ ದಿನಕ್ಕಲ್ಲ ಒಂದ ದಿನಕ್ಕ, ಮುಂಜಾನೆ ನಾಲಿಗಿ ಸುಡೂವಂಥ ಚಾ, ಮಧ್ಯಾಹ್ನ ಕರಗಿದ ಬ್ಯಾಳಿ,’

ನಮ್ಮವರು ಹಿಟ್ಟು ಮೆತ್ತಿದ ಮುಖ ಹತ್ತಿರ ತಂದು, ‘ಮೌನೇಶನ ಅವ್ವಾ, ಈಕಿಗೆ ಇನ್ನೂ ಎಷ್ಟೈತಿ?’ ಎಂದು ಪಿಸುಗುಟ್ಟಿದರು.

ನಾನೇನು ಹೇಳಲಿ? ಕದ್ದು ಕೂಡಿಸಿದ ನನ್ನ ಇಪ್ಪತ್ತು ದಿನದ ಉಸಿರಿನ ಅಳತೆ ನನಗೆ ಗೊತ್ತಿತ್ತು. ಎಂಬತ್ತು ವರ್ಷದ್ದನ್ನು ಯಾರು ಅಳೆದಿದ್ದಾರೆ? ಅಂಗಳದಲ್ಲಿದ್ದವರೆಲ್ಲ ಮುದುಕಿಯ ಎದೆಯನ್ನೇ ನೋಡುತ್ತ ನಿಂತೆವು. ಆಕೆ ಆಗಲೇ ನಮ್ಮ ಪಡಸಾಲೆ ಮುಗಿಸಿ ಅಡುಗೆಮನೆಗೆ ಬಂದಿದ್ದಳು; ಹಿತ್ತಿಲು ಇನ್ನೂ ಬಾಕಿಯಿತ್ತು, ಉಸಿರೂ ಇತ್ತು.